ಒಡೆಯದೆ ತಲುಪಿಸುವುದೇ ಕೆಲಸ: ಹಳೆಯ ಟ್ಯೂಬ್‌ಲೈಟ್, ಸಿಎಫ್‌ಎಲ್ ವಿಲೇವಾರಿ

ಮನೆಗೆಲ್ಲ ಎಲ್‌ಇಡಿ ಹಾಕಿಸಿದ ಮೇಲೆ ಹಳೆಯ ಟ್ಯೂಬ್‌ಲೈಟ್‌ಗಳು ಎಲ್ಲಿ ಹೋದವು ಎಂದು ಹುಡುಕಿದರೆ ಸಾಮಾನ್ಯವಾಗಿ ಮೂರು ಜಾಗಗಳಲ್ಲಿ ಸಿಗುತ್ತವೆ: ಬೀರುವಿನ ಹಿಂದೆ, ಅಪಾರ್ಟ್‌ಮೆಂಟಿನ ಮೀಟರ್ ಬೋರ್ಡ್ ಪಕ್ಕದ ಮೂಲೆಯಲ್ಲಿ, ಇಲ್ಲವೇ ಹತ್ತಿರದ ಖಾಲಿ ಸೈಟಿನಲ್ಲಿ ಚೂರುಚೂರಾಗಿ. ತಾಮ್ರದ ಚೋಕ್, ಟ್ಯೂಬ್ ಕೂರಿಸುವ ತಗಡಿನ ಪಟ್ಟಿ, ಹಳೇ ವೈರು ಎಲ್ಲವನ್ನೂ ತಕ್ಕಡಿಗೆ ಹಾಕಿ ದುಡ್ಡು ಎಣಿಸುವ ಗುಜರಿಯವನು ಟ್ಯೂಬನ್ನು ಮಾತ್ರ 'ಇದು ಬೇಡ' ಎಂದು ಬದಿಗಿಡುತ್ತಾನೆ.

ಅವನ ಲೆಕ್ಕ ಸರಿಯೇ. ಅದರಲ್ಲಿ ಮಾರಲು ಸಿಗುವುದು ಎರಡು ತುದಿಯ ಅಲ್ಯುಮಿನಿಯಂ ಟೋಪಿ, ಅದೂ ಕೆಲವೇ ಗ್ರಾಂ. ಉಳಿದದ್ದು ತೆಳು ಗಾಜು. ಟೋಪಿ ಬೇಕೆಂದರೆ ಟ್ಯೂಬ್ ಒಡೆಯಬೇಕು, ಒಡೆದರೆ ಪಾದರಸ ಹೊರಬೀಳುತ್ತದೆ. ಇಡಿಯಾಗಿರುವ ಟ್ಯೂಬಿನಿಂದ ಯಾರಿಗೂ ಏನೂ ಆಗುವುದಿಲ್ಲ. ವರ್ಷಗಟ್ಟಲೆ ತಲೆಯ ಮೇಲೆ ಉರಿದರೂ ಪಾದರಸ ಗಾಜು ದಾಟಿ ಬರುವುದಿಲ್ಲ. ಹಾಗಾಗಿ ಸುರಕ್ಷಿತ ವಿಲೇವಾರಿ ಅಂದರೆ ಇಷ್ಟೇ: ಮುಚ್ಚಿದ ಯಂತ್ರದ ಬಾಯಿಗೆ ಬೀಳುವ ತನಕ ಅದು ಒಡೆಯಬಾರದು. ಹೇಳುವುದು ಸುಲಭ, ನಾಲ್ಕಡಿ ಉದ್ದದ ಗಾಜಿನ ಕೊಳವೆಯನ್ನು ನಾಲ್ಕು ಕೈ ದಾಟಿಸುವುದು ಅಷ್ಟು ಸುಲಭವಲ್ಲ.

ಗಾಜಿನ ಒಳಗೆ

ಟ್ಯೂಬಿನ ಎರಡೂ ತುದಿಗಳಲ್ಲಿ ಟಂಗ್‌ಸ್ಟನ್ ಸುರುಳಿಗಳಿರುತ್ತವೆ. ನಡುವೆ ಅತಿ ಕಡಿಮೆ ಒತ್ತಡದ ಆರ್ಗಾನ್ ಅನಿಲ, ಜತೆಗೆ ಒಂದಿಷ್ಟು ಪಾದರಸ. ಕರೆಂಟು ಹರಿದಾಗ ಪಾದರಸದ ಆವಿ 254 ನ್ಯಾನೊಮೀಟರಿನ ಅತಿನೇರಳೆ ಕಿರಣ ಸೂಸುತ್ತದೆ. ಅದು ಕಣ್ಣಿಗೆ ಕಾಣದು. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಹೀರಿಕೊಂಡು ಕಾಣುವ ಬೆಳಕಾಗಿ ಬಿಡುತ್ತದೆ. ಪಾದರಸ ತೆಗೆದರೆ ಬೆಳಕೇ ಇಲ್ಲ. ಅದಕ್ಕೇ ತಯಾರಕರು ಪ್ರಮಾಣವನ್ನು ಇಳಿಸುತ್ತ ಬಂದರೇ ಹೊರತು ಸೊನ್ನೆಗೆ ತರಲಾಗಲಿಲ್ಲ.

38 ಮಿಲಿಮೀಟರ್ ದಪ್ಪದ ಹಳೆಯ 40 ವ್ಯಾಟ್ ಟ್ಯೂಬುಗಳಲ್ಲಿ ಹತ್ತಾರು ಮಿಲಿಗ್ರಾಂ ಪಾದರಸ ಇರುತ್ತಿತ್ತು. 2016ರ ಇ-ತ್ಯಾಜ್ಯ ನಿಯಮಗಳು ಇದಕ್ಕೆ ಮಿತಿ ಹಾಕಿದವು: 30 ವ್ಯಾಟ್‌ಗಿಂತ ಕಡಿಮೆಯ ಸಿಎಫ್‌ಎಲ್‌ಗೆ 2.5 ಮಿಲಿಗ್ರಾಂ, ಈಗ ಸಾಮಾನ್ಯವಾಗಿರುವ 26 ಮಿಲಿಮೀಟರ್ ದಪ್ಪದ 36 ವ್ಯಾಟ್ ಟ್ಯೂಬಿಗೆ 3.5 ಮಿಲಿಗ್ರಾಂ. ಮೂರೂವರೆ ಮಿಲಿಗ್ರಾಂ ಪಾದರಸವನ್ನು ಒಂದೇ ಹನಿ ಮಾಡಿದರೆ ಅದರ ಅಡ್ಡಗಲ ಒಂದು ಮಿಲಿಮೀಟರೂ ಆಗದು. ರಾಗಿ ಕಾಳಿಗಿಂತ ಚಿಕ್ಕದು. ಹಳೆಯ ಜ್ವರದ ಥರ್ಮಾಮೀಟರಿನಲ್ಲಿ ಅರ್ಧದಿಂದ ಒಂದು ಗ್ರಾಂ ಇರುತ್ತದೆ, ಅಂದರೆ ಇಂಥ ನೂರಾನಲವತ್ತಕ್ಕೂ ಹೆಚ್ಚು ಟ್ಯೂಬುಗಳಷ್ಟು.

ಹಾಗಾದರೆ ಇಷ್ಟು ಗಲಾಟೆ ಯಾಕೆ? ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 28 ಘನಮೀಟರ್ ಗಾಳಿ ಇರುತ್ತದೆ. ಆ ಮೂರೂವರೆ ಮಿಲಿಗ್ರಾಂ ಪೂರ್ತಿ ಆವಿಯಾಗಿ ಅಲ್ಲೇ ನಿಂತಿತೆಂದು ಇಟ್ಟುಕೊಂಡರೆ ಘನಮೀಟರಿಗೆ 125 ಮೈಕ್ರೊಗ್ರಾಂ ಆಗುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಸ್ಥೆ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರಿಗೆ ಇಟ್ಟಿರುವ ಮಿತಿ 25 ಮೈಕ್ರೊಗ್ರಾಂ. ಜನಸಾಮಾನ್ಯರು ವರ್ಷವಿಡೀ ಉಸಿರಾಡುವ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ್ದು 1 ಮೈಕ್ರೊಗ್ರಾಂ. ವಾಸ್ತವದಲ್ಲಿ ಒಂದೇ ಏಟಿಗೆ ಅಷ್ಟೂ ಆವಿಯಾಗುವುದಿಲ್ಲ, ಕಿಟಕಿ ತೆರೆದರೆ ಗಾಳಿ ಬೇಗ ಬದಲಾಗುತ್ತದೆ. ಆದ್ದರಿಂದ ಮನೆಯಲ್ಲಿ ಒಂದು ಟ್ಯೂಬ್ ಒಡೆದರೆ ಆಸ್ಪತ್ರೆಗೆ ಓಡಬೇಕಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ದಿನಕ್ಕೆ ನೂರು ಟ್ಯೂಬ್ ಒಡೆದು ಟೋಪಿ ಬಿಡಿಸುವವನ ಲೆಕ್ಕ ಬೇರೆ. ಪಾದರಸದ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಲ್ಲಿ ಎಳೆದುಕೊಂಡದ್ದರಲ್ಲಿ ನೂರಕ್ಕೆ ಸುಮಾರು 80 ಭಾಗ ದೇಹ ಸೇರುತ್ತದೆ. ಏಟು ಬೀಳುವುದು ನರಮಂಡಲಕ್ಕೆ ಮತ್ತು ಮೂತ್ರಪಿಂಡಕ್ಕೆ. ಹೊಟ್ಟೆಯಲ್ಲಿರುವ ಕೂಸಿಗೆ, ಸಣ್ಣ ಮಕ್ಕಳಿಗೆ ಅಪಾಯ ಹೆಚ್ಚು.

ಇನ್ನೊಂದು ಸಂಗತಿ ಗೊತ್ತಿದ್ದರೆ ಮುಂದಿನ ಸೂಚನೆಗಳೆಲ್ಲ ತಾನಾಗಿ ಅರ್ಥವಾಗುತ್ತವೆ. ಸಾವಿರಾರು ಗಂಟೆ ಉರಿಯುವಾಗ ಪಾದರಸ ಸ್ವಲ್ಪಸ್ವಲ್ಪವಾಗಿ ಆ ಬಿಳಿ ಪುಡಿಗೂ ಗಾಜಿನ ಒಳಮೈಗೂ ಅಂಟುತ್ತ ಹೋಗುತ್ತದೆ. ಸುಟ್ಟುಹೋದ ಟ್ಯೂಬಿನಲ್ಲಿ ಉರುಳುವ ಬೆಳ್ಳಿ ಹನಿ ಹುಡುಕಬೇಡಿ. ಪಾದರಸದ ಬಹುಪಾಲು ಆ ಪುಡಿಯಲ್ಲೇ ಇರುತ್ತದೆ.

ಇವೆಲ್ಲವೂ ಅದೇ ಸಾಲಿನವು

ಬುರುಡೆ ಬಲ್ಬ್, ಹ್ಯಾಲೊಜೆನ್, ಎಲ್‌ಇಡಿಗಳಲ್ಲಿ ಪಾದರಸ ಇಲ್ಲ. ಎಲ್‌ಇಡಿ ಟ್ಯೂಬ್ ನೋಡಲು ಹಳೆಯದರಂತೆಯೇ ಇರುತ್ತದೆ, ಆದರೆ ಒಂದು ಬದಿಗೆ ಪ್ಲಾಸ್ಟಿಕ್ ಅಥವಾ ಅಲ್ಯುಮಿನಿಯಂ ಬೆನ್ನು ಇರುತ್ತದೆ, ಇಲ್ಲವೇ ಗಾಜಿನೊಳಗೆ ಎಲ್‌ಇಡಿ ಚುಕ್ಕೆಗಳ ಪಟ್ಟಿ ಕಾಣುತ್ತದೆ. ಅದು ಮಾಮೂಲಿ ಇ-ತ್ಯಾಜ್ಯ. ಬೀದಿದೀಪಗಳಿಗೆ ಹಾಕುತ್ತಿದ್ದ ಮರ್ಕ್ಯುರಿ ವೇಪರ್, ಹೆಚ್ಚಿನ ಒತ್ತಡದ ಸೋಡಿಯಂ ವೇಪರ್, ಕ್ರೀಡಾಂಗಣದ ಮೆಟಲ್ ಹ್ಯಾಲೈಡ್ ಇವುಗಳಲ್ಲಿ ಪಾದರಸ ಇದೆ. ಜನ ಮರೆಯುವಂಥವೂ ಕೆಲವಿವೆ: ನೀರಿನ ಪ್ಯೂರಿಫೈಯರಿನ ಯುವಿ ದೀಪ, ಹೋಟೆಲಿನ ಅಡುಗೆಮನೆಯಲ್ಲಿ ನೊಣ ಕೊಲ್ಲುವ ಪೆಟ್ಟಿಗೆಯ ನೀಲಿ ಟ್ಯೂಬ್, ಎಲ್‌ಇಡಿಗೆ ಮುಂಚಿನ ಎಲ್‌ಸಿಡಿ ಟಿವಿಗಳ ಪರದೆ ಹಿಂದಿನ ಪೆನ್ಸಿಲ್‌ಗಿಂತ ಸಣ್ಣ ಟ್ಯೂಬುಗಳು. ಪ್ಯೂರಿಫೈಯರ್ ಸರ್ವೀಸಿಗೆ ಬಂದವರು ಬದಲಿಸಿದ ಯುವಿ ದೀಪವನ್ನು ನಮ್ಮ ಕಸದ ಡಬ್ಬಿಗೇ ಹಾಕಿ ಹೋಗುವುದು ಮಾಮೂಲು. ಅದನ್ನು ಎತ್ತಿಡಿ.

ನಿಜಕ್ಕೂ ಸುಟ್ಟಿದೆಯೇ?

ಎಸೆಯುವ ಮುಂಚೆ ಇದನ್ನೊಮ್ಮೆ ನೋಡಬೇಕು; ಎಷ್ಟೋ ಸಲ ಹೋಗಿರುವುದು ಟ್ಯೂಬೇ ಅಲ್ಲ. ಎರಡು ತುದಿಗಳು ಮಾತ್ರ ಕೆಂಪಗೆ ಸ್ಥಿರವಾಗಿ ಉರಿಯುತ್ತಿದ್ದರೆ ಸ್ಟಾರ್ಟರ್ ಒಳಗೇ ಅಂಟಿಕೊಂಡಿದೆ; ಸ್ಟಾರ್ಟರ್ ತಿರುಗಿಸಿ ಹೊರತೆಗೆದ ಕೂಡಲೇ ಟ್ಯೂಬ್ ಹೊತ್ತಿಕೊಳ್ಳುವುದೂ ಉಂಟು. ಏನೂ ಆಗದೆ ಸುಮ್ಮನಿದ್ದರೆ ಬೇರೆ ಪಟ್ಟಿಗೆ ಹಾಕಿ ನೋಡಿ. ತುದಿಗಳು ಕಪ್ಪಾಗಿ, ಮತ್ತೆ ಮತ್ತೆ ಮಿಣುಕಿ ನಿಲ್ಲದಿದ್ದರೆ ಸುರುಳಿಯ ಲೇಪ ಮುಗಿದಿದೆ, ಅದರ ಆಯಸ್ಸು ಅಷ್ಟೇ. ಮಿಣುಕುವ ಟ್ಯೂಬನ್ನು ಹಾಗೇ ಬಿಟ್ಟರೆ ಚೋಕ್ ಬಿಸಿಯಾಗುತ್ತಲೇ ಇರುತ್ತದೆ.

ಇಳಿಸುವುದು, ಕಟ್ಟಿಡುವುದು

ಸ್ವಿಚ್ ಆರಿಸಿ ಆರಲು ಐದು ನಿಮಿಷ ಬಿಡಿ. ಎರಡೂ ಕೈಗಳಿಂದ ತುದಿಗಳ ಹತ್ತಿರ ಹಿಡಿದು ಕಾಲು ಸುತ್ತು ತಿರುಗಿಸಿದರೆ ಪಿನ್ನುಗಳು ಸಂದಿಗೆ ನೇರವಾಗುತ್ತವೆ, ಆಗ ಕೆಳಗೆಳೆಯಬೇಕು. ಸ್ಪ್ರಿಂಗ್ ಇರುವ ಪಟ್ಟಿಯಾದರೆ ಒಂದು ಬದಿಗೆ ಒತ್ತಿ ಇನ್ನೊಂದು ತುದಿಯನ್ನು ಬಿಡಿಸಬೇಕು. ಒಂದೇ ಕೈಯಲ್ಲಿ ನಡುವೆ ಹಿಡಿದು ತಿರುಚಿದಾಗಲೇ ಹೆಚ್ಚಿನವು ಟೋಪಿಯ ಬುಡದಲ್ಲಿ ಮುರಿಯುತ್ತವೆ. ಸಿಎಫ್‌ಎಲ್ ಆದರೆ ಗಾಜನ್ನು ಮುಟ್ಟಲೇಬೇಡಿ. ಬಿಳಿ ಪ್ಲಾಸ್ಟಿಕ್ ಬುಡ ಹಿಡಿದು ಒತ್ತಿ ತಿರುಗಿಸಿ.

ಹಳೆಯ ಟ್ಯೂಬಿಗೆ ಅತ್ಯುತ್ತಮ ಕವಚವೆಂದರೆ ಹೊಸದು ಬಂದ ರಟ್ಟಿನ ಕೊಳವೆ. ಎಲ್‌ಇಡಿ ಟ್ಯೂಬಿನ ಪೆಟ್ಟಿಗೆಗೂ ಅಳತೆ ಸಾಮಾನ್ಯವಾಗಿ ಒಂದೇ, ನಾಲ್ಕಡಿ. ಅದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಎಲ್ಲರೂ ಮಾಡುವ ತಪ್ಪು. ರಟ್ಟು ಇಲ್ಲದಿದ್ದರೆ ಒಂದೊಂದನ್ನೂ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಎಲ್ಲವನ್ನೂ ಉದ್ದನೆಯ ಪೆಟ್ಟಿಗೆಯಲ್ಲಿಡಿ. ಗಮ್ ಟೇಪಿನಿಂದ ಟ್ಯೂಬುಗಳನ್ನೇ ಒಟ್ಟಿಗೆ ಬಿಗಿದು ಕಟ್ಟುವವರಿದ್ದಾರೆ. ಆ ಟೇಪು ಬಿಚ್ಚುವಾಗಲೇ ಎರಡು ಮುರಿಯುತ್ತವೆ.

ಅಪಾರ್ಟ್‌ಮೆಂಟ್, ಶಾಲೆ, ಕಚೇರಿಗಳಿಗೆ ಅಗ್ಗದ ಉಪಾಯವೊಂದಿದೆ. ನಾಲ್ಕಿಂಚಿನ ಪಿವಿಸಿ ಪೈಪನ್ನು ನಾಲ್ಕೂಕಾಲು ಅಡಿಗೆ ಕತ್ತರಿಸಿ ಎರಡೂ ಕಡೆ ಎಂಡ್ ಕ್ಯಾಪ್ ಹಾಕಿ. ಸಲೂಷನ್ ಹಚ್ಚುವುದು ಒಂದು ಕಡೆಗೆ ಮಾತ್ರ. ಒಳಗೆ ಹಳೆಯ ಬಟ್ಟೆಯ ತುಂಡೊಂದನ್ನು ತಳಕ್ಕಿಟ್ಟರೆ 26 ಮಿಲಿಮೀಟರಿನ ಏಳೆಂಟು ಟ್ಯೂಬುಗಳು ಆರಾಮವಾಗಿ ಹಿಡಿಯುತ್ತವೆ. ಒಂದು ಒಳಗೇ ಒಡೆದರೂ ಪುಡಿ ಹೊರಬರುವುದಿಲ್ಲ. ಮೇಲೆ ದೊಡ್ಡ ಅಕ್ಷರದಲ್ಲಿ 'ಬಳಸಿದ ಟ್ಯೂಬ್‌ಲೈಟ್, ಪಾದರಸ ಇದೆ, ಒಡೆಯಬೇಡಿ' ಎಂದು ಬರೆದು ತಾರೀಖು ಹಾಕಿ. ನೆಲದ ಮೇಲೆ ಮಲಗಿಸಿಡಿ; ಸಜ್ಜೆಯ ಮೇಲೆ ಬೇಡ, ಉರುಳುತ್ತದೆ. ಮಕ್ಕಳ ಕೈಗೆ ಸಿಗದಿರಲಿ: ಟ್ಯೂಬ್‌ಲೈಟ್ 'ಢಬ್' ಎಂದು ಒಡೆಯುವ ಸದ್ದು ಯಾವ ಹುಡುಗನಿಗೆ ಇಷ್ಟವಿಲ್ಲ! ಒಳಗಿನ ಒತ್ತಡ ಹೊರಗಿನ ಗಾಳಿಯ ನೂರನೇ ಒಂದು ಭಾಗವೂ ಇರುವುದಿಲ್ಲ. ಗಾಜು ಬಿರಿದ ಕ್ಷಣ ಗಾಳಿ ರಭಸದಿಂದ ಒಳನುಗ್ಗಿ ಪುಡಿಯನ್ನು ಎಬ್ಬಿಸಿ ಹೊರಚೆಲ್ಲುತ್ತದೆ. ಆ ಬಿಳಿ ಹೊಗೆಯಂತೆ ಕಾಣುವುದೇ ಪಾದರಸ ಮೆತ್ತಿದ ಪುಡಿ.

ಒಡೆದುಹೋದರೆ

ಮೊದಲು ಫ್ಯಾನ್ ಆರಿಸಿ, ಎಸಿ ಇದ್ದರೆ ಅದನ್ನೂ ಆರಿಸಿ. ಕಿಟಕಿ ತೆರೆಯಿರಿ, ಒಳಗಿನ ಕೋಣೆಗಳ ಕಡೆಗಿನ ಬಾಗಿಲು ಮುಚ್ಚಿ, ಮಕ್ಕಳು, ನಾಯಿ, ಬೆಕ್ಕು ಸಮೇತ ಎಲ್ಲರೂ ಹೊರಗೆ ಬನ್ನಿ. ಪುಡಿ ತುಳಿದು ಮನೆಯೆಲ್ಲ ಓಡಾಡಬಾರದು. ಹತ್ತು ನಿಮಿಷ ಬಿಡಿ. ಒಡೆದ ಹೊಸದರಲ್ಲೇ ಆವಿ ಹೆಚ್ಚು, ಕಾಯುವುದು ಅದಕ್ಕೇ.

ಆಮೇಲೆ ಕೈಗವಸು ಅಥವಾ ದಪ್ಪ ಪ್ಲಾಸ್ಟಿಕ್ ಚೀಲ ಕೈಗೆ ಹಾಕಿಕೊಂಡು ದೊಡ್ಡ ಚೂರುಗಳನ್ನು ಹೆಕ್ಕಿ. ಸಣ್ಣವನ್ನು ಎರಡು ಗಟ್ಟಿ ರಟ್ಟುಗಳಿಂದ, ಮದುವೆ ಕರೆಯೋಲೆ ಆದೀತು, ಗೋರಿ ತೆಗೆಯಿರಿ. ಉಳಿದ ಪುಡಿಗೆ ಗಮ್ ಟೇಪಿನ ಅಂಟು ಬದಿಯನ್ನು ಒತ್ತಿ ಎತ್ತಿ, ಮತ್ತೆ ಒತ್ತಿ ಎತ್ತಿ. ಟೈಲ್ಸ್ ಸಂದಿಗೆ, ಮೊಸಾಯಿಕ್ ನೆಲದ ಬಿರುಕಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕೊನೆಗೆ ಒದ್ದೆ ಕಾಗದದಿಂದ ಒರೆಸಿ. ಚೂರು, ಟೇಪು, ಕಾಗದ, ರಟ್ಟು ಎಲ್ಲವನ್ನೂ ತಗಡಿನ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಖಾಲಿಯಾದ ಉಪ್ಪಿನಕಾಯಿ ಬಾಟಲಿ ಸಾಕು. ಪ್ಲಾಸ್ಟಿಕ್ ಚೀಲ ಎರಡನೆಯ ಆಯ್ಕೆ, ಯಾಕೆಂದರೆ ಪಾದರಸದ ಆವಿ ತೆಳು ಪ್ಲಾಸ್ಟಿಕ್‌ನಿಂದ ನಿಧಾನಕ್ಕೆ ಸೋರುತ್ತದೆ. ಬಾಟಲಿಯನ್ನು ಮನೆಯೊಳಗಿಡದೆ ಬಾಲ್ಕನಿಯಲ್ಲೋ ಹೊರಗಿನ ನೆರಳಿನಲ್ಲೋ ಇಡಿ. ಕೈ ತೊಳೆದುಕೊಂಡು, ಕೋಣೆಯ ಕಿಟಕಿಯನ್ನು ಇನ್ನೂ ಕೆಲವು ಗಂಟೆ ತೆರೆದೇ ಬಿಡಿ.

ಪೊರಕೆ ಹಿಡಿಯಬಾರದು. ಗುಡಿಸಿದರೆ ಪುಡಿ ಏಳುತ್ತದೆ, ಮುಂದೆ ಆ ಪೊರಕೆ ಹೋದಲ್ಲೆಲ್ಲ ಅದು ಹರಡುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು: ಮೋಟಾರಿನ ಬಿಸಿ ಗಾಳಿಯ ಜತೆ ಆವಿಯನ್ನು ಹಿಂದಿನಿಂದ ಕೋಣೆಗೇ ಊದುತ್ತದೆ. ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿ ಮೋರಿಗೆ ಸುರಿದರೆ ಪಾದರಸ ಕೆರೆಗೆ ಹೋದಂತೆ. ಅಲ್ಲಿನ ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಮೀನಿನ ಮೂಲಕ ತಟ್ಟೆಗೆ ಬರುವುದು ಆ ರೂಪದಲ್ಲಿ. ಚೂರು, ಪುಡಿ ನೇರವಾಗಿ ಬಿದ್ದ ಹಾಸಿಗೆ ಬಟ್ಟೆಯನ್ನು ವಾಷಿಂಗ್ ಮಷಿನ್‌ಗೆ ಹಾಕಬೇಡಿ, ಅದನ್ನೂ ಕಟ್ಟಿಡಿ. ಕೋಣೆಯಲ್ಲಿದ್ದವರು ತೊಟ್ಟ, ಪುಡಿ ತಾಗದ ಬಟ್ಟೆಯನ್ನು ಒಗೆಯಬಹುದು.

ಟ್ಯೂಬ್‌ಲೈಟ್ ಗಾಜು ಚುಚ್ಚಿದರೆ ಗಾಯ ಮಾಯುವುದೇ ಇಲ್ಲ ಎಂಬ ಮಾತಿನ ಹಿಂದೆ ಒಂದು ಕಾಲದ ಸತ್ಯವಿದೆ. ತೀರಾ ಹಳೆಯ ಟ್ಯೂಬುಗಳ ಪುಡಿಯಲ್ಲಿ ಬೆರಿಲಿಯಂ ಇರುತ್ತಿತ್ತು, ಅದು ಗಾಯವನ್ನು ಮಾಯಗೊಡುತ್ತಿರಲಿಲ್ಲ. 1949ರ ಹೊತ್ತಿಗೆ ಅದರ ಬಳಕೆ ನಿಂತಿತು. ಈಗಿನ ಗಾಯವನ್ನು ಚೆನ್ನಾಗಿ ತೊಳೆದು, ಚೂರು ಉಳಿದಿಲ್ಲವೆಂದು ಖಚಿತಪಡಿಸಿಕೊಂಡರೆ ಸಾಕು.

ಯಾರಿಗೆ ಕೊಡುವುದು?

2016ರ ಘನತ್ಯಾಜ್ಯ ನಿಯಮಗಳು ಸಿಎಫ್‌ಎಲ್, ಟ್ಯೂಬ್‌ಲೈಟ್, ಒಡೆದ ಪಾದರಸದ ಥರ್ಮಾಮೀಟರುಗಳನ್ನು ಹೆಸರಿಸಿಯೇ 'ಗೃಹ ಅಪಾಯಕಾರಿ ತ್ಯಾಜ್ಯ'ದ ಪಟ್ಟಿಗೆ ಸೇರಿಸಿದವು. ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ತೆರೆಯುವುದು ಸ್ಥಳೀಯ ಸಂಸ್ಥೆಯ ಹೊಣೆ ಎಂದವು. ಕಾಗದದ ಮೇಲೆ ಚೆನ್ನಾಗಿದೆ. ನಿಮ್ಮ ವಾರ್ಡಿನ ಒಣ ತ್ಯಾಜ್ಯ ಕೇಂದ್ರದಲ್ಲಿ ಇಡೀ ಟ್ಯೂಬುಗಳನ್ನು ಬೇರೆಯಾಗಿ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ, ನಿಮ್ಮ ಕೈಯಾರೆ ಒಯ್ದು ಕೊಡಿ. ಬೆಳಗಿನ ಕಸದ ಆಟೋಗೆ ಹಾಕಿದರೆ ಅದು ಮುಂದೆ ಕಸವನ್ನು ಒತ್ತಿ ಅಡಕುವ ಕಾಂಪ್ಯಾಕ್ಟರ್ ಲಾರಿಗೆ ಬೀಳುತ್ತದೆ, ಅಲ್ಲಿ ಒಡೆಯುವುದು ಖಂಡಿತ. ಆಗ ಆ ಪುಡಿಯನ್ನು ಉಸಿರಾಡುವವರು ಲಾರಿಯ ಹಿಂದೆ ನಿಂತ ಪೌರಕಾರ್ಮಿಕರು.

ಇನ್ನೊಂದು ದಾರಿ ಇ-ತ್ಯಾಜ್ಯದ್ದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪಾದರಸದ ದೀಪಗಳೂ ಇವೆ. ಪಟ್ಟಿಯಲ್ಲಿರುವ ಸಾವಿರ ಸಾಧನಗಳನ್ನು ಬಳಸುವ ಯಾವುದೇ ಸಂಸ್ಥೆ 'ಬೃಹತ್ ಬಳಕೆದಾರ'. ದೊಡ್ಡ ಕಾಲೇಜೊಂದರ ಟ್ಯೂಬ್, ಫ್ಯಾನ್, ಕಂಪ್ಯೂಟರ್ ಕೂಡಿಸಿದರೆ ಆ ಸಂಖ್ಯೆ ದಾಟುವುದು ಕಷ್ಟವೇನಲ್ಲ. ಅಂಥವರು ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು. ಆದರೆ ಪರವಾನಗಿ ಇದೆ ಎಂದ ಕೂಡಲೇ ಲಾರಿ ತುಂಬಿಸಬೇಡಿ. ಕಂಪ್ಯೂಟರ್ ಬಿಚ್ಚುವ ಅನುಮತಿ ಇದ್ದವರಲ್ಲಿ ದೀಪದ ಯಂತ್ರ ಇರಲೇಬೇಕೆಂದಿಲ್ಲ. ಪರವಾನಗಿಯಲ್ಲಿ ಪಾದರಸದ ದೀಪಗಳ ಹೆಸರಿದೆಯೇ, ಯಂತ್ರ ಅವರಲ್ಲೇ ಇದೆಯೇ ಅಥವಾ ಮುಂದಕ್ಕೆ ಸಾಗಿಸುತ್ತಾರೆಯೇ, ಎಷ್ಟು ಟ್ಯೂಬ್ ಪಡೆದೆವೆಂದು ಸಂಖ್ಯೆ ಸಮೇತ ಪ್ರಮಾಣಪತ್ರ ಕೊಡುತ್ತಾರೆಯೇ, ಈ ಮೂರನ್ನು ಕೇಳಿ. ತೂಕ ಮಾತ್ರ ಬರೆದುಕೊಡುವವರಿಗೆ ಟ್ಯೂಬ್ ಒಡೆದಿದ್ದರೂ ಒಂದೇ, ಇಡಿಯಾಗಿದ್ದರೂ ಒಂದೇ.

ಕೆಲವರು 200 ಲೀಟರ್ ಡ್ರಮ್ಮಿನ ಮೇಲೆ ಕೂರಿಸುವ ಪುಡಿಯಂತ್ರವನ್ನು ನಿಮ್ಮ ಆವರಣಕ್ಕೇ ತರುತ್ತೇವೆ ಎನ್ನುತ್ತಾರೆ. ಸಾವಿರದ ಆಸುಪಾಸು ಟ್ಯೂಬುಗಳು ಒಂದು ಡ್ರಮ್ಮಿನಲ್ಲಿ ಕೂರುತ್ತವೆ, ಸಾಗಣೆ ಅಗ್ಗ. ತೊಂದರೆ ಬರುವುದು ಡ್ರಮ್ ಬದಲಿಸುವ ಆ ಒಂದೆರಡು ನಿಮಿಷದಲ್ಲಿ ಮತ್ತು ಇದ್ದಿಲಿನ ಫಿಲ್ಟರ್ ತುಂಬಿದ್ದು ಗೊತ್ತಾಗದೆ ಓಡಿಸಿದಾಗ. ಬೇಸ್‌ಮೆಂಟಿನಲ್ಲಿ ಇದನ್ನು ನಡೆಸಲು ಒಪ್ಪಬಾರದು.

ಯಂತ್ರದೊಳಗೆ

ಸರಿಯಾದ ಘಟಕದಲ್ಲಿ ಇಡೀ ಯಂತ್ರ ಹೊರಗಿಗಿಂತ ಕಡಿಮೆ ಗಾಳಿಯೊತ್ತಡದಲ್ಲಿ ಓಡುತ್ತದೆ. ಎಲ್ಲಾದರೂ ಸಂದಿ ಇದ್ದರೂ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಆವಿ ಹೊರಗೆ ಬರದು. ಎರಡು ಬಗೆಗಳಿವೆ. ಒಂದರಲ್ಲಿ ಎರಡು ತುದಿಗಳನ್ನು ಕತ್ತರಿಸಿ, ಕೊಳವೆಯೊಳಗೆ ಗಾಳಿ ಊದಿ ಪುಡಿಯನ್ನು ಹೊರತಳ್ಳುತ್ತಾರೆ. ಪುಡಿ ಶುದ್ಧವಾಗಿ ಸಿಗುತ್ತದೆ, ಆದರೆ ನೇರ ಟ್ಯೂಬಿಗೆ ಮಾತ್ರ ಸಲ್ಲುತ್ತದೆ. ಇನ್ನೊಂದರಲ್ಲಿ ಎಲ್ಲವನ್ನೂ ಪುಡಿಮಾಡಿ ಜರಡಿ, ಆಯಸ್ಕಾಂತ, ಗಾಳಿಯನ್ನು ಸುಳಿಯಂತೆ ತಿರುಗಿಸಿ ಪುಡಿ ಬೇರೆ ಮಾಡುವ ಸೈಕ್ಲೋನ್‌ಗಳಲ್ಲಿ ಗಾಜು, ಲೋಹ, ಪುಡಿ ಎಂದು ಬೇರ್ಪಡಿಸುತ್ತಾರೆ. ಸಿಎಫ್‌ಎಲ್ ಕೂಡ ಇದಕ್ಕೆ ಹಾಕಬಹುದು. ಹೊರಹೋಗುವ ಗಾಳಿ ಗಂಧಕ ಸೇರಿಸಿದ ಇದ್ದಿಲಿನ ಮೂಲಕ ಹಾದುಹೋಗುತ್ತದೆ. ಪಾದರಸ ಗಂಧಕದ ಜತೆ ಸೇರಿ ಸಲ್ಫೈಡ್ ಆಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಬೇರ್ಪಟ್ಟ ಪುಡಿಯನ್ನು ಮುಚ್ಚಿದ ಕುಲುಮೆಯಲ್ಲಿ ಕಾಯಿಸುತ್ತಾರೆ. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ಗೇ ಆದರೂ ಪುಡಿಗೆ ಅಂಟಿದ್ದನ್ನು ಬಿಡಿಸಲು 600 ಡಿಗ್ರಿಗೂ ಮೇಲೆ ಹೋಗಬೇಕಾಗುತ್ತದೆ. ಮೇಲೆದ್ದ ಆವಿ ತಣ್ಣನೆಯ ಕೊಳವೆಯಲ್ಲಿ ಹನಿಗಟ್ಟಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಗಾಜು ಕುಲುಮೆಗೋ ಕಟ್ಟಡ ಸಾಮಗ್ರಿಗೋ ಹೋಗುತ್ತದೆ, ಟೋಪಿಗಳು ಅಲ್ಯುಮಿನಿಯಂ ಕರಗಿಸುವವರಿಗೆ.

ಇಷ್ಟೆಲ್ಲ ಮಾಡಿ ಸಿಗುವ ಹಣ ಖರ್ಚಿಗೆ ಸಾಲದು. ತೂಕದ ಬಹುಪಾಲು ಗಾಜು, ಅದಕ್ಕೆ ಬೆಲೆಯಿಲ್ಲ. ಪುಡಿಯಲ್ಲಿ ಯಟ್ರಿಯಂ, ಯುರೋಪಿಯಂ, ಟರ್ಬಿಯಂನಂಥ ಅಪರೂಪದ ಧಾತುಗಳಿವೆ; ಚೀನಾ ರಫ್ತು ಬಿಗಿಮಾಡಿದ್ದರಿಂದ 2011ರಲ್ಲಿ ಅವುಗಳ ಬೆಲೆ ಗಗನಕ್ಕೇರಿತ್ತು, ಆಮೇಲೆ ಇಳಿಯಿತು. ನಮ್ಮ 2022ರ ನಿಯಮಗಳಡಿ ಮರುಬಳಕೆದಾರರು ಉತ್ಪಾದಕರಿಗೆ ಮಾರುವ (ಉತ್ಪಾದಕರು ತಮ್ಮ ಮರುಬಳಕೆಯ ಹೊಣೆ ತೀರಿಸಿದ್ದಕ್ಕೆ ತೋರಿಸುವ) ಪ್ರಮಾಣಪತ್ರಗಳನ್ನು ಚಿನ್ನ, ತಾಮ್ರ, ಕಬ್ಬಿಣ, ಅಲ್ಯುಮಿನಿಯಂ ಈ ನಾಲ್ಕರ ಲೆಕ್ಕದಲ್ಲಿ ಕೊಡುತ್ತಾರೆ. ಪಾದರಸ ಹಿಡಿದಿಟ್ಟದ್ದಕ್ಕೆ ಅಲ್ಲಿ ಅಂಕವಿಲ್ಲ. ಹೀಗಾಗಿ ಟ್ಯೂಬ್ ಒಯ್ಯಲು ಬಂದವರು ದುಡ್ಡು ಕೇಳಿದರೆ ಅದು ಮೋಸವಲ್ಲ. ಉಚಿತವಾಗಿ, ಅದರ ಮೇಲೆ ದುಡ್ಡನ್ನೂ ಕೊಟ್ಟು ಒಯ್ಯುತ್ತೇವೆ ಎನ್ನುವವರ ಬಗ್ಗೆಯೇ ಅನುಮಾನ ಪಡಬೇಕು.

ಉಳಿದ ಹೊಸ ಟ್ಯೂಬುಗಳು

ಪಾದರಸದ ಕುರಿತ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. 2023ರಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು 2027ರ ಕೊನೆಗೆ ಫ್ಲೋರೊಸೆಂಟ್ ದೀಪಗಳ ತಯಾರಿಕೆ, ಆಮದು, ರಫ್ತುಗಳನ್ನು ನಿಲ್ಲಿಸಲು ಒಪ್ಪಿದವು. ಕಚೇರಿಗಳ ಸ್ಟೋರ್ ರೂಮಿನಲ್ಲಿ, ಎಲೆಕ್ಟ್ರಿಕಲ್ ಅಂಗಡಿಗಳ ಮಾಳಿಗೆಯಲ್ಲಿ ಪೆಟ್ಟಿಗೆಗಟ್ಟಲೆ ಹೊಸ ಟ್ಯೂಬುಗಳು ಹಾಗೇ ಉಳಿದಿರುವುದು ಅಪರೂಪವಲ್ಲ. ಉರಿಯದ ಹೊಸ ಟ್ಯೂಬಿನಲ್ಲಿ ಪಾದರಸ ಇನ್ನೂ ಪುಡಿಗೆ ಅಂಟಿರುವುದಿಲ್ಲ, ಬಿಡಿಯಾಗಿರುತ್ತದೆ. ಒಡೆದರೆ ಹಳೆಯದಕ್ಕಿಂತ ಬೇಗ ಆವಿಯಾಗುತ್ತದೆ. ಹಳೆಯ ಪಟ್ಟಿ ಇನ್ನೂ ಇಟ್ಟುಕೊಂಡವರಿದ್ದರೆ ಅವರಿಗೆ ಕೊಟ್ಟು ಉರಿಸಿ ಮುಗಿಸಲಿ. ಇಲ್ಲವಾದರೆ ಆ ಪೆಟ್ಟಿಗೆಗಳನ್ನು ಬಿಚ್ಚದೆ, ಸೀಲ್ ಸಮೇತ ಹಳೆಯವುಗಳ ಜತೆಯಲ್ಲೇ ಕಳಿಸಿ.